ಕೊಡಲು ಬಂದವರ ಯಕೃತ್ತು

ಈ ವರ್ಷದ ಸಂಚಿಕೆಗೆ ನಾನು ಯಕೃತ್ತಿನ ವಿಷಯವಾಗಿ ಬರೆಯುವೆನೆಂದಾಗ ಸಂಪಾದಕ ಮಂಡಲದ ಗೆಳತಿಯರು ನಕ್ಕರು. ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ ಓದುವ ಬಿ.ಎ. ಅಂತಿಮ ವರ್ಷದವಳಿಗೆ ವೈದ್ಯರ ಗೊಡವೆ ಏತಕ್ಕೆ, ಮಳಖೇಡದ ಕೋಟೆಯ ಮೇಲೋ ನೃಪತುಂಗನ ಮೇಲೋ ಬರೆಯಬಾರದೇ ಎಂದು ಕೇಳಿದರು. ಕೇಳಿದ್ದು ಸರಿಯೇ. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ, 2024ರಲ್ಲಿ ಅಪ್ಪನ ಕಾಯಿಲೆ ಗೊತ್ತಾದಾಗ ದವಾಖಾನೆಯ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಮನೆಯವರಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆ ಕಾಗದಗಳ ಜೊತೆಗೆ ಒಂದು ವರ್ಷ ಹೆಣಗಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ದಿನವೂ ಬಸ್ಸು ರೈಲು ಹಿಡಿದು ಬರುವ ನನ್ನ ಸಹಪಾಠಿಗಳ ಮನೆಗಳಲ್ಲಿಯೂ ಈ ವಿಷಯ ಇದೆ, ಆದರೆ ಅದಕ್ಕೆ ಹೆಸರು ಬಿದ್ದಿಲ್ಲವೆಂಬುದು ನನ್ನ ನಂಬಿಕೆ. ವೈದ್ಯಶಾಸ್ತ್ರವನ್ನು ಓದದವಳ ಬರಹವೆಂದು ಪ್ರಾಜ್ಞರು ತಪ್ಪುಗಳನ್ನು ತಿದ್ದಿಕೊಳ್ಳಬೇಕು.

ಮೊದಲು ಹೆಸರಿನ ಮಾತು; ಅದು ನಮ್ಮ ಶಾಸ್ತ್ರದ್ದೇ ಆದ್ದರಿಂದ ಧೈರ್ಯವಾಗಿ ಹೇಳಬಲ್ಲೆ. ಸಂಸ್ಕೃತದ ಯಕೃತ್, ಗ್ರೀಕರ ಹೇಪರ್, ಲ್ಯಾಟಿನ್ನಿನ ಯೇಕುರ್ ಈ ಮೂರೂ ಒಂದೇ ಮೂಲದಿಂದ ಒಡೆದು ಬಂದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಕನ್ನಡದ ಹಳೆಯ ಮಾತು ಕಾಳಿಜ. ನಮ್ಮ ಕಡೆ ಮಟನ್ ಅಂಗಡಿಯಲ್ಲಿ ಕಲೇಜಿ ಎಂದರೆ ಎಲ್ಲರಿಗೂ ಗೊತ್ತು. ಇನ್ನೊಂದು ಸಂಗತಿ ನನಗೆ ಬಹಳ ಸೋಜಿಗವೆನಿಸಿತು. ಪ್ರಾಚೀನ ರೋಮಿನವರು ಬಾತುಗಳಿಗೆ ಅಂಜೂರವನ್ನು ತುರುಕಿ ತುರುಕಿ ತಿನ್ನಿಸಿ ಅವುಗಳ ಯಕೃತ್ತನ್ನು ಕೊಬ್ಬಿಸುತ್ತಿದ್ದರು. ಅಂಜೂರಕ್ಕೆ ಲ್ಯಾಟಿನ್ನಿನಲ್ಲಿ ಫೀಕುಸ್. ಅಂಜೂರದಿಂದ ಕೊಬ್ಬಿದ ಯಕೃತ್ತು ಫೀಕಾತುಂ ಎನಿಸಿಕೊಂಡು, ಕಾಲಕ್ರಮದಲ್ಲಿ ಆ ವಿಶೇಷಣವೇ ಹೆಸರಾಗಿ ಹೋಯಿತು. ಇಂದು ಇಟಲಿಯವರು ಯಕೃತ್ತಿಗೆ ಫೇಗತೋ ಎನ್ನುವರು, ಫ್ರೆಂಚರು ಫುವಾ ಎನ್ನುವರು. ಎರಡೂ ಆ ಅಂಜೂರದ ಮಕ್ಕಳೇ. ಅಂದರೆ ಅತಿಯಾದ ಸಿಹಿಯನ್ನು ಒಳಗೆ ಹಾಕಿದರೆ ಯಕೃತ್ತು ಕೊಬ್ಬುವುದೆಂಬ ತಿಳಿವಳಿಕೆ ಎರಡು ಸಾವಿರ ವರ್ಷದ ಹಿಂದೆಯೇ ಅಡುಗೆಯವರಿಗಿತ್ತು. ವೈದ್ಯರಿಗೆ ಅದು ರೋಗವೆಂದು ಹೊಳೆದದ್ದು ತೀರ ಈಚೆಗೆ. 1980ರಲ್ಲಿ ಅಮೆರಿಕೆಯ ಮೇಯೋ ಚಿಕಿತ್ಸಾಲಯದ ಲುಡ್ವಿಗ್ ಎಂಬ ವೈದ್ಯನು, ಮದ್ಯವನ್ನು ಮುಟ್ಟದ ಇಪ್ಪತ್ತು ಮಂದಿಯ ಯಕೃತ್ತಿನ ಚೂರುಗಳು ಕುಡುಕರ ಯಕೃತ್ತಿನಂತೆಯೇ ಕಾಣುತ್ತವೆಂದು ಬರೆದು ಈ ಉರಿಯೂತಕ್ಕೆ ಒಂದು ಹೆಸರು ಕೊಟ್ಟನು. 2023ರಲ್ಲಿ ಈ ವ್ಯಾಧಿಯ ಹೆಸರನ್ನು ಮತ್ತೆ ಬದಲಿಸಿದರು. ಹಿಂದಿನ ಹೆಸರಿನಲ್ಲಿ 'ಮದ್ಯಪಾನದಿಂದಲ್ಲದ' ಎಂಬ ಮಾತಿತ್ತು. ಈಗ ಅದನ್ನು ತೆಗೆದು, ದೇಹವು ಆಹಾರವನ್ನು ಅರಗಿಸಿ ಬಳಸುವ ಕ್ರಮದಲ್ಲಿಯೇ ಉಂಟಾದ ದೋಷಕ್ಕೆ ಸಂಬಂಧಪಟ್ಟದ್ದು ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಹೆಸರು ಬದಲಾದುದರಿಂದ ಏನಾಯಿತೆಂದು ಕೇಳಬಹುದು. ನಮ್ಮ ಅಪ್ಪನಂಥವರಿಗೆ ಏನಾಗಬಹುದಿತ್ತೆಂಬುದನ್ನು ಮುಂದೆ ಹೇಳುವೆನು.

ಯಕೃತ್ತು ನಮ್ಮ ಒಳ ಅಂಗಗಳಲ್ಲೆಲ್ಲ ದೊಡ್ಡದು. ಬೆಳೆದವರಲ್ಲಿ ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ಬಲಗಡೆಯ ಪಕ್ಕೆಲುಬಿನ ಕೆಳಗೆ ಮಲಗಿದೆ. ಅನ್ನದಿಂದ ಬಂದ ಸಕ್ಕರೆಯನ್ನು ಕೂಡಿಡುವುದು, ಪಿತ್ತರಸವನ್ನು ಮಾಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ಒದಗಿಸುವುದು, ವಿಷವನ್ನು ಮುರಿಯುವುದು ಇವೇ ಮುಂತಾದ ನೂರಾರು ಕೆಲಸ ಅದರದು. ಎಲ್ಲಕ್ಕಿಂತ ವಿಚಿತ್ರವಾದುದು ಅದರ ಬೆಳೆಯುವ ಶಕ್ತಿ. ಗ್ರೀಕರ ಪುರಾಣದಲ್ಲಿ ಪ್ರೊಮಿಥಿಯಸ್ ಎಂಬವನ ಯಕೃತ್ತನ್ನು ಹದ್ದು ದಿನವೂ ಕುಕ್ಕಿ ತಿನ್ನುವುದು, ಅದು ರಾತ್ರಿ ಮತ್ತೆ ಬೆಳೆಯುವುದು ಎಂಬ ಕಥೆಯಿದೆ. ರಾತ್ರಿ ಬೆಳಗಾಗುವುದರೊಳಗೆ ಅಲ್ಲದಿದ್ದರೂ, ಆರೋಗ್ಯವಂತನ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದರೆ ಉಳಿದದ್ದು ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುವುದು ನಿಜ. ತೆಗೆದ ಭಾಗವೇ ಮರಳಿ ಚಿಗುರುವುದಿಲ್ಲ, ಉಳಿದದ್ದು ದೊಡ್ಡದಾಗುತ್ತದೆ.

ಈ ಶಕ್ತಿಯೇ ಯಕೃತ್ತಿನ ದಾನಕ್ಕೆ ಆಧಾರ. 1963ರಲ್ಲಿ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜ್ಲ್ ಮೊಟ್ಟಮೊದಲು ಮನುಷ್ಯನಿಗೆ ಯಕೃತ್ತಿನ ಕಸಿ ಮಾಡಿದನು, ರೋಗಿ ಉಳಿಯಲಿಲ್ಲ. 1967ರಲ್ಲಿ ಅದೇ ಕೈಗೆ ಯಶಸ್ಸು ಬಂತು. ಅವೆಲ್ಲ ಸತ್ತವರಿಂದ ತೆಗೆದ ಯಕೃತ್ತುಗಳು. ಬದುಕಿರುವವರಿಂದ ಭಾಗ ಮಾಡಿ ತೆಗೆದು ಜಯಿಸಿದ್ದು 1989ರಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ. ತಾಯಿ ಮಗನಿಗೆ ಕೊಟ್ಟಳು. ನಮ್ಮ ದೇಶದಲ್ಲಿ 1998ರ ನವೆಂಬರಿನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಇಪ್ಪತ್ತು ತಿಂಗಳ ಕೂಸಿಗೆ ತಂದೆ ತನ್ನ ಯಕೃತ್ತಿನ ಚೂರನ್ನು ಕೊಟ್ಟನು. ಆ ಕೂಸು ಬೆಳೆದು ಈಗ ತಾನೇ ವೈದ್ಯನಾಗಿದ್ದಾನೆಂದು ಓದಿ ನಾನು ಅವ್ವನಿಗೆ ಎರಡು ಸಲ ಹೇಳಿದೆನು. ಈಗ ಭಾರತದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಮಿಕ್ಕಿ ಯಕೃತ್ತಿನ ಕಸಿಗಳಾಗುತ್ತವೆ. ಯುರೋಪು ಅಮೆರಿಕೆಗಳಲ್ಲಿ ಬಹುಪಾಲು ಸತ್ತವರ ಅಂಗಗಳಿಂದ ನಡೆಯುವ ಈ ಕೆಲಸ ನಮ್ಮಲ್ಲಿ ಬಹುಪಾಲು ಬದುಕಿರುವ ಬಂಧುಗಳಿಂದಲೇ ನಡೆಯಬೇಕಾಗಿದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ, ತೆಲಂಗಾಣದಲ್ಲಿ ಜೀವನ್‌ದಾನ್ ಎಂಬ ಸರಕಾರಿ ವ್ಯವಸ್ಥೆಗಳು ಸತ್ತವರ ಅಂಗಗಳನ್ನು ಸರದಿಯ ಪ್ರಕಾರ ಹಂಚುತ್ತವೆ. ಆದರೆ ಸರದಿ ಉದ್ದವಾಗಿದೆ, ಕೊಡುವ ಮನೆಗಳು ಕಡಿಮೆ.

1994ರ ಕಾಯಿದೆಯ ಮೇರೆಗೆ ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇವರೇ ಹತ್ತಿರದ ಬಂಧುಗಳು. 2011ರ ತಿದ್ದುಪಡಿಯಿಂದ ಅಜ್ಜ ಅಜ್ಜಿ ಮೊಮ್ಮಕ್ಕಳೂ ಸೇರಿದರು. ಕೊಡುವವರಿಗೆ ಹದಿನೆಂಟು ವರ್ಷ ತುಂಬಿರಬೇಕು. ಈ ವರ್ತುಲದ ಹೊರಗಿನವರು ಪ್ರೀತಿಯಿಂದ ಕೊಡಬಂದರೆ ಅಧಿಕೃತ ಸಮಿತಿಯ ಮುಂದೆ ನಿಂತು ಅಪ್ಪಣೆ ಪಡೆಯಬೇಕು. ಇದು ಅಂಗಗಳ ವ್ಯಾಪಾರವನ್ನು ತಡೆಯಲು ಮಾಡಿದ ಕಟ್ಟು, ಒಳ್ಳೆಯ ಕಟ್ಟು. ಆದರೆ ಅದರ ಅರ್ಥ, ಒಂದು ಮನೆಯ ರೋಗಕ್ಕೆ ಮದ್ದನ್ನು ಆ ಮನೆಯೊಳಗೇ ಹುಡುಕಬೇಕು. ಆ ಮನೆಯವರೆಲ್ಲ ಒಂದೇ ಒಲೆಯ ಅಡಿಗೆಯನ್ನುಂಡವರು, ಒಂದೇ ರಕ್ತದವರು. ನನ್ನ ಲೇಖನದ ಗಂಟು ಇಲ್ಲಿದೆ.

ನಮ್ಮ ಅಪ್ಪ ಇಪ್ಪತ್ತೆರಡು ವರ್ಷ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಯಂತ್ರದ ಮುಂದೆ ನಿಂತವರು. ನಮ್ಮ ಕಡೆಯ ಫರ್ಸಿ ಎಲ್ಲೆಲ್ಲಿಯ ಅಂಗಳಗಳಲ್ಲಿಯೋ ಹಾಸಿದೆ. ಹೆಂಡ ಸಾರಾಯಿ ಅವರು ಮುಟ್ಟಿದವರಲ್ಲ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ಇದ್ದಾಗ ತೆಗೆದುಕೊಳ್ಳುವರು, ಇಲ್ಲದಾಗ ಬಿಡುವರು. ಕಾಲು ಬಾತು, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾದಾಗ ಮೊದಲು ಕಾಮಣಿಯೆಂದು ಬೇರಿನ ಔಷಧ ಕುಡಿಸಿದರು. ಆಮೇಲೆ ಕಲಬುರಗಿಗೆ ಹೋದೆವು, ಅಲ್ಲಿಂದ ಹೈದರಾಬಾದಿಗೆ. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರುಗಳ ಮೇಲೆ ಹಾದು ಹೋಗುವ ಆ ರೈಲು ನಮ್ಮ ಭಾಗದ ರೋಗಿಗಳ ಹಳೆಯ ಹಾದಿ; 1956ರವರೆಗೆ ನಾವು ಆ ರಾಜ್ಯದವರೇ ಆಗಿದ್ದೆವಲ್ಲ, ರಾಜ್ಯ ಬದಲಾದರೂ ದವಾಖಾನೆಯ ದಾರಿ ಬದಲಾಗಲಿಲ್ಲ. ಸಿರೋಸಿಸ್ ಎಂದರು. ಯಕೃತ್ತು ಗಾಯಗೊಂಡು ಗಾಯಗೊಂಡು ಗಡುಸಾಗಿ ಗಂಟುಕಟ್ಟುವ ಸ್ಥಿತಿ ಅದು. ಕಸಿಯೊಂದೇ ಉಪಾಯವೆಂದರು. ಊರಿಗೆ ಬಂದರೆ ಜನರ ಮೊದಲ ಪ್ರಶ್ನೆ: "ಕುಡೀತಿದ್ನೇನು?" ಇಲ್ಲವೆಂದರೆ ನಂಬುವವರಿಲ್ಲ. ಲಿವರ್ ಕೆಟ್ಟಿತೆಂದರೆ ಕುಡುಕನೆಂದೇ ನಮ್ಮಲ್ಲಿ ತೀರ್ಮಾನ. ರೋಗದ ನೋವಿಗಿಂತ ಆ ಮಾತಿಗೆ ಅಪ್ಪ ಹೆಚ್ಚು ಕುಗ್ಗಿದರು. ಹೆಸರಿನಲ್ಲಿ ಮದ್ಯದ ಮಾತೇ ಬೇಡವೆಂದು ತೆಗೆದದ್ದು ಒಳ್ಳೆಯದಾಯಿತೆಂದು ನಾನು ಹೇಳಿದ್ದು ಇದಕ್ಕಾಗಿ.

ಅವರ ಯಕೃತ್ತು ಕೆಟ್ಟದ್ದು ಕೊಬ್ಬಿನಿಂದ. ಇದು ಹೇಗಾಗುವುದೆಂದರೆ: ಉಂಡದ್ದು ಕೆಲಸಕ್ಕೆ ಖರ್ಚಾಗದೆ ಉಳಿದಾಗ ದೇಹ ಅದನ್ನು ಚರ್ಮದ ಕೆಳಗೆ ಕೊಬ್ಬಾಗಿ ಕೂಡಿಡುತ್ತದೆ. ಆ ಉಗ್ರಾಣ ತುಂಬಿದ ಮೇಲೆ, ಅಥವಾ ಹುಟ್ಟಿನಿಂದಲೇ ಆ ಉಗ್ರಾಣ ಚಿಕ್ಕದಾಗಿದ್ದರೆ, ಹೆಚ್ಚಾದ ಕೊಬ್ಬು ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುತ್ತದೆ. ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳದಂತಾಗುತ್ತದೆ. ಆಗ ಒಂದು ಕಡೆ ಕೊಬ್ಬಿನ ಉಗ್ರಾಣಗಳು ತಮ್ಮ ಸರಕನ್ನು ರಕ್ತಕ್ಕೆ ಸುರಿಯುತ್ತವೆ, ಇನ್ನೊಂದು ಕಡೆ ಯಕೃತ್ತು ಸಕ್ಕರೆಯಿಂದ ತಾನೇ ಹೊಸ ಕೊಬ್ಬನ್ನು ಮಾಡತೊಡಗುತ್ತದೆ. ನೂರು ಜೀವಕಣಗಳಲ್ಲಿ ಐದಕ್ಕಿಂತ ಹೆಚ್ಚು ಕಣಗಳೊಳಗೆ ಕೊಬ್ಬಿನ ಹನಿಗಳು ಕಂಡರೆ ಅದು ಕೊಬ್ಬಿನ ಯಕೃತ್ತು. ಮೂವತ್ಮೂರರವರೆಗೆ ಸೌಮ್ಯ, ಅರವತ್ತಾರರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಹಲವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತ, ಅನಂತರ ನಾರು, ಕಡೆಗೆ ಸಿರೋಸಿಸ್. ನೋವಿಲ್ಲ, ಜ್ವರವಿಲ್ಲ. ರಕ್ತಪರೀಕ್ಷೆ ಕೂಡ ಅನೇಕ ವೇಳೆ ಸರಿಯಾಗಿಯೇ ಬರುತ್ತದೆ.

ಇದು ಶ್ರೀಮಂತರ ರೋಗ, ದಪ್ಪಗಿರುವವರ ರೋಗ ಎಂದು ನಾನೂ ತಿಳಿದಿದ್ದೆನು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಬಡ ಹಳ್ಳಿಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ತಿಳಿವಳಿಕೆಯನ್ನು ಅಲುಗಿಸಿತು. ಅಲ್ಲಿ ಬೆಳೆದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಕೊಬ್ಬಿನ ಯಕೃತ್ತು ಇತ್ತು. ಅವರಲ್ಲಿ ಬಹುಮಂದಿ ದಪ್ಪಗಿನವರೇ ಅಲ್ಲ. ತೋಳು ಕಾಲು ತೆಳ್ಳಗೆ, ನಡುವಿನ ಸುತ್ತ ಮಾತ್ರ ಕೊಬ್ಬು, ಇದು ನಮ್ಮ ದೇಶದವರ ಮೈಕಟ್ಟೆಂದು ವೈದ್ಯರು ಹೇಳುವರು. ಮೇಲಾಗಿ ಕೆಲವು ಮನೆತನಗಳಲ್ಲಿ ಯಕೃತ್ತಿಗೆ ಕೊಬ್ಬು ಸೇರಿಸುವ ಗುಣ ರಕ್ತದಲ್ಲಿಯೇ ಬರುತ್ತದೆ. 2008ರಲ್ಲಿ ಅಂಥ ಒಂದು ವಂಶವಾಹಿಯನ್ನು ಗುರುತಿಸಿದ್ದಾರೆ.

ನಮ್ಮ ಐದು ಊರುಗಳ ಬದುಕು ಎರಡು ತಲೆಮಾರಿನಲ್ಲಿ ಹೇಗೆ ತಿರುಗಿತೆಂಬುದನ್ನು ಸಮಾಜಶಾಸ್ತ್ರದ ವಿದ್ಯಾರ್ಥಿನಿಯಾಗಿ ಇಲ್ಲಿ ಹೇಳದಿರಲಾರೆ. ನಮ್ಮ ಅಜ್ಜ ಖಣಿಯಲ್ಲಿ ಸುತ್ತಿಗೆ ಉಳಿ ಹಿಡಿದು ಕಲ್ಲೆಬ್ಬಿಸುತ್ತಿದ್ದರು. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಉಣ್ಣುತ್ತಿದ್ದರು. ಅಷ್ಟು ರೊಟ್ಟಿ ಅವರ ಕೆಲಸಕ್ಕೆ ಸಾಲುತ್ತಿರಲಿಲ್ಲ. ಈಗ ಕಲ್ಲನ್ನು ಯಂತ್ರ ಕೊಯ್ಯುತ್ತದೆ. ಸಿಮೆಂಟಿನ ಕಾರಖಾನೆಗಳಲ್ಲಿ ಪಾಳಿಯ ಮೇಲೆ ಕೆಲಸ. ರಾತ್ರಿ ಪಾಳಿಯವನು ಬೆಳಗಿನ ಎರಡು ಗಂಟೆಗೆ ಮಿರ್ಚಿ ಭಜಿ ತಿಂದು, ಸಕ್ಕರೆ ತುಂಬಿದ ಚಹಾ ಕುಡಿದು ನಿದ್ದೆಯನ್ನು ತಡೆಯುವನು. ಲಾರಿಯವನು ದಿನವೆಲ್ಲ ಕುಳಿತೇ ಇರುವನು. ತಾಟಿನಲ್ಲಿ ಜೋಳ ಕಡಿಮೆಯಾಗಿ ಅಕ್ಕಿ ಹೆಚ್ಚಿತು. ಆದರೆ ಉಣ್ಣುವ ಪ್ರಮಾಣ ಮಾತ್ರ ಅಜ್ಜನದೇ ಉಳಿಯಿತು. ಏಕೆಂದರೆ ಹಸಿವನ್ನು ಕಂಡ ಮನೆಗಳಲ್ಲಿ ಹೊಟ್ಟೆ ತುಂಬ ಬಡಿಸುವುದೇ ಪ್ರೀತಿ, ಮೈ ತುಂಬಿಕೊಂಡವನೇ ಗಟ್ಟಿಗ. ಅವ್ವ ನಾಲ್ಕನೆಯ ರೊಟ್ಟಿ ಹಾಕುವಾಗ ಬೇಡವೆನ್ನುವ ಮಗ ನಮ್ಮಲ್ಲಿ ಇನ್ನೂ ಹುಟ್ಟಬೇಕಾಗಿದೆ.

ದಾನಿಯ ಪರೀಕ್ಷೆ ಆರಂಭವಾಯಿತು. ಅವ್ವನ ರಕ್ತದ ಗುಂಪು ಹೊಂದಲಿಲ್ಲ. ನನಗೆ ಹತ್ತೊಂಬತ್ತು ವರ್ಷ, ನಲವತ್ತನಾಲ್ಕು ಕಿಲೋ ತೂಕ, ಗುಂಪು ಹೊಂದಿತು. ಇಲ್ಲಿ ಒಂದು ಲೆಕ್ಕ ತಿಳಿಯಬೇಕು. ಪಡೆಯುವವರ ಮೈತೂಕದ ನೂರರಲ್ಲಿ 0.8 ಭಾಗದಷ್ಟಾದರೂ ಯಕೃತ್ತು ಕೊಡಬೇಕು. ಅಪ್ಪ ಹೊಟ್ಟೆಯ ನೀರು ಕಳೆದು 65 ಕಿಲೋ. ಅಂದರೆ 520 ಗ್ರಾಂ ಬೇಕು. ನನ್ನ ಬಲಭಾಗವೆಲ್ಲ ಕೂಡಿ ಅಷ್ಟಾಗುತ್ತಿರಲಿಲ್ಲ. ಉಳಿದವನು ಅಣ್ಣ. ಇಪ್ಪತ್ತೆಂಟು ವರ್ಷ, ಸಿಮೆಂಟ್ ಲಾರಿ ನಡೆಸುವವನು, 86 ಕಿಲೋ, ಕುಡಿತವಿಲ್ಲ, ಒಂದು ದಿನ ಮಲಗಿದವನಲ್ಲ. "ನಂದ ತಗೋರಿ ಸಾಹೇಬ್ರ, ಎಷ್ಟ ಬೇಕೋ ಅಷ್ಟ ತಗೋರಿ" ಎಂದು ವೈದ್ಯರ ಮುಂದೆ ಅಂಗಿ ಎತ್ತಿ ನಿಂತನು.

ಮೊದಲು ಸೋನೋಗ್ರಾಫಿ ಮಾಡಿದರು. ಅದರಲ್ಲಿ ಒಳ್ಳೆಯ ಯಕೃತ್ತು ಪಕ್ಕದ ಮೂತ್ರಪಿಂಡದಷ್ಟೇ ಬೂದಿಯಾಗಿ ಕಾಣಬೇಕು. ಕೊಬ್ಬು ಇದ್ದರೆ ಬೆಳ್ಳಗೆ ಹೊಳೆಯುತ್ತದೆ. ಅಣ್ಣನದು ಹೊಳೆಯಿತು. ಸೋನೋಗ್ರಾಫಿ ಒಂದನ್ನೇ ನಂಬುವಂತಿಲ್ಲ. ಕೊಬ್ಬು ಸ್ವಲ್ಪವಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಆದಕಾರಣ ಸಿ.ಟಿ. ಮಾಡಿ ಯಕೃತ್ತನ್ನೂ ಗುಲ್ಮವನ್ನೂ ಹೋಲಿಸುವರು. ಯಕೃತ್ತಿನ ಅಂಕೆಯಿಂದ ಗುಲ್ಮದ ಅಂಕೆಯನ್ನು ಕಳೆದಾಗ 5ಕ್ಕಿಂತ ಹೆಚ್ಚು ಉಳಿದರೆ ಒಳ್ಳೆಯದು, ಸೊನ್ನೆಯ ಕೆಳಗೆ 10ಕ್ಕಿಂತ ಆಚೆ ಇಳಿದರೆ ಕೊಬ್ಬು ಮೂವತ್ತನ್ನು ದಾಟಿದೆಯೆಂದು ಅರ್ಥ. ಅಣ್ಣನದು ಸೊನ್ನೆಯ ಕೆಳಗೆ 8. ಎಂ.ಆರ್.ಐ.ಯಿಂದಲೂ ಕೊಬ್ಬನ್ನು ಅಳೆಯುವ ಕ್ರಮವಿದೆ. ಸಂದೇಹವುಳಿದರೆ ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವರು; ಅಣ್ಣನಿಗೆ ಅದನ್ನೂ ಮಾಡಿದರು. ನೂರು ಕಣಗಳಲ್ಲಿ ಮೂವತ್ತು. ಈಗ ಕೊಡಲು ಬರುವುದಿಲ್ಲವೆಂದರು.

ಮನೆಯಲ್ಲಿ ಯಾರಿಗೂ ಇದು ಅರ್ಥವಾಗಲಿಲ್ಲ. ಕೊಬ್ಬಿದ್ದರೆ ಇನ್ನೂ ಒಳ್ಳೆಯದಲ್ಲವೇ, ದೊಡ್ಡದಾಗಿದೆಯಲ್ಲವೇ ಎಂದು ಅವ್ವ ಕೇಳಿದಳು. ವೈದ್ಯರು ನನಗೆ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುವೆನು. ಅಣ್ಣನ ಯಕೃತ್ತು 1500 ಗ್ರಾಂ. ಅದರಲ್ಲಿ ಬಲಭಾಗ 960, ಎಡಭಾಗ 540. ಬಲಭಾಗವನ್ನು ಅಪ್ಪನಿಗೆ ಕೊಟ್ಟರೆ ಅಣ್ಣನಿಗೆ ಉಳಿಯುವುದು 540, ಅಂದರೆ ನೂರಕ್ಕೆ 36. ಕೊಡುವವರಲ್ಲಿ ನೂರಕ್ಕೆ ಮೂವತ್ತಾದರೂ ಉಳಿಯಲೇಬೇಕೆಂಬುದು ನಿಯಮ. ಅದು 450 ಗ್ರಾಂ. ಇಲ್ಲಿಯವರೆಗೆ ಸರಿಯಾಯಿತು. ಆದರೆ ಕೊಬ್ಬು ತುಂಬಿದ ಕಣ ಕೆಲಸದ ಲೆಕ್ಕಕ್ಕಿಲ್ಲ. ನೂರಕ್ಕೆ ಎಷ್ಟು ಕೊಬ್ಬೋ ಅಷ್ಟನ್ನು ತೂಕದಿಂದ ಕಳೆಯಬೇಕೆಂಬುದು ಒಂದು ಸ್ಥೂಲವಾದ ಲೆಕ್ಕ. ಹಾಗೆ ಮೂವತ್ತನ್ನು ಕಳೆದರೆ ಬಲಭಾಗ 672 ಆಯಿತು, ಎಡಭಾಗ 378 ಆಯಿತು. ಅಪ್ಪನಿಗೆ ಬೇಕಾದದ್ದು 520, ಸಾಕಾಗುತ್ತಿತ್ತು. ಅಣ್ಣನಿಗೆ ಬೇಕಾದದ್ದು 450, ಸಾಲುತ್ತಿರಲಿಲ್ಲ. ಈ ಲೆಕ್ಕವನ್ನು ನಾನು ಜೋರಾಗಿ ಓದುತ್ತಿದ್ದಾಗ ಅಪ್ಪ ಪಕ್ಕದ ಮಂಚದ ಮೇಲೆ ಮಲಗಿದ್ದರು. "ಬ್ಯಾಡವ್ವ, ಆ ಕಾಗದ ಮಡಚಿ ಇಡು" ಎಂದರು.

ಪಡೆಯುವವರಿಗೂ ಅಂಥ ಯಕೃತ್ತು ಒಳ್ಳೆಯದಲ್ಲ. ತೆಗೆದ ಭಾಗವನ್ನು ತಣ್ಣಗಿನ ದ್ರಾವಣದಲ್ಲಿ ಇಟ್ಟು ಆಮೇಲೆ ಇನ್ನೊಬ್ಬರ ರಕ್ತನಾಳಗಳಿಗೆ ಜೋಡಿಸುವರು. ಕೊಬ್ಬಿನ ಹನಿಯಿಂದ ಉಬ್ಬಿದ ಕಣಗಳು ನಡುವಿನ ಸಣ್ಣ ನಾಳಗಳನ್ನು ಒತ್ತಿ ಹಿಡಿದಿರುತ್ತವೆ. ರಕ್ತ ಮರಳಿ ಬಂದಾಗ ಎಲ್ಲ ಕಡೆಗೂ ಹರಿಯುವುದಿಲ್ಲ, ಕಣಗಳು ಸಾಯುತ್ತವೆ, ಕೆಲವೊಮ್ಮೆ ಇಡೀ ಅಂಗವೇ ಕೆಲಸಕ್ಕೆ ತೊಡಗುವುದಿಲ್ಲ. ಬೆಳೆಯುವ ಶಕ್ತಿಯೂ ಕುಗ್ಗಿರುತ್ತದೆ.

ಇದು ಬರಿಯ ಪುಸ್ತಕದ ಭಯವಲ್ಲ. ಬದುಕಿರುವವರಿಂದ ಯಕೃತ್ತಿನ ಕಸಿ ಮಾಡುವುದರಲ್ಲಿ ಜಪಾನು ಬಹಳ ಮುಂದಿರುವ ದೇಶ. ಅಲ್ಲಿ ಎಷ್ಟೋ ವರ್ಷ ಒಬ್ಬ ದಾನಿಯೂ ಸತ್ತಿರಲಿಲ್ಲ. 2002ರಲ್ಲಿ ಕ್ಯೋತೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಬ್ಬ ತಾಯಿ ಮಗಳಿಗಾಗಿ ತನ್ನ ಬಲಭಾಗವನ್ನು ಕೊಟ್ಟಳು. ಆಕೆಯಲ್ಲಿ ಉಳಿದದ್ದು ನೂರಕ್ಕೆ 28. ಆ ಉಳಿದದ್ದರಲ್ಲಿಯೂ ಕೊಬ್ಬಿನ ಉರಿಯೂತವಿತ್ತು. ಅದು ಚೇತರಿಸಿಕೊಳ್ಳಲಿಲ್ಲ. ಕೊಟ್ಟವಳಿಗೇ ಇನ್ನೊಬ್ಬರ ಯಕೃತ್ತನ್ನು ಹಾಕಬೇಕಾಯಿತು. ಆದರೂ 2003ರಲ್ಲಿ ಆಕೆ ತೀರಿಕೊಂಡಳು. ಕೊಬ್ಬಿಲ್ಲದವರಿಗೂ ಅಪಾಯ ಇಲ್ಲವೆಂದಲ್ಲ. ಬಲಭಾಗ ಕೊಡುವವರಲ್ಲಿ ಸಾವಿರಕ್ಕೆ ಎರಡರಿಂದ ಐವರಿಗೆ ಪ್ರಾಣಾಪಾಯವಿದೆಯೆಂದು ವೈದ್ಯರು ಮೊದಲೇ ಹೇಳುವರು. 2024ರಲ್ಲಿ ನಮ್ಮ ರಾಜ್ಯದ ಕರಾವಳಿಯ ತರುಣಿಯೊಬ್ಬಳು ಬಂಧುವಿಗೆ ಕೊಟ್ಟು ಕೆಲವೇ ದಿನಗಳಲ್ಲಿ ಮರಣ ಹೊಂದಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಾನು ಅದನ್ನು ಅವ್ವನಿಗೆ ಓದಿ ಹೇಳಲಿಲ್ಲ. ಯಾವ ಬೇನೆಯೂ ಇಲ್ಲದ ಮನುಷ್ಯನ ಹೊಟ್ಟೆಯನ್ನು ಅವನ ಹಿತಕ್ಕಲ್ಲದೆ ಇನ್ನೊಬ್ಬರ ಹಿತಕ್ಕಾಗಿ ಕೊಯ್ಯುವ ಶಸ್ತ್ರಕ್ರಿಯೆ ಇದು. ಆದಕಾರಣ ಬೇಡವೆನ್ನುವ ವೈದ್ಯರನ್ನು ಕಲ್ಲೆದೆಯವರೆಂದು ಬಯ್ಯುವುದು ತಪ್ಪು. ನಾನು ಬಯ್ದಿದ್ದೆನು, ಅದಕ್ಕಾಗಿ ಈ ಮಾತನ್ನು ಬರೆದೆನು.

ಆದರೆ ಅವರು ಹೇಳಿದ್ದು ಈಗ ಬೇಡವೆಂದು, ಎಂದಿಗೂ ಬೇಡವೆಂದಲ್ಲ. ಈ ವ್ಯಾಧಿಯ ಒಂದು ಒಳ್ಳೆಯ ಗುಣವೆಂದರೆ ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಮೈತೂಕ ಇಳಿಯಲಾರಂಭಿಸಿದಾಗ ದೇಹವು ಖರ್ಚು ಮಾಡುವ ಮೊದಲ ಕೊಬ್ಬುಗಳಲ್ಲಿ ಯಕೃತ್ತಿನದೂ ಒಂದು. ತೂಕದಲ್ಲಿ ನೂರಕ್ಕೆ ಐದು ಇಳಿದರೆ ಕೊಬ್ಬು ಕರಗತೊಡಗುತ್ತದೆ, ಏಳರಿಂದ ಹತ್ತು ಇಳಿದರೆ ಉರಿಯೂತವೂ ಶಮನವಾಗುತ್ತದೆ. ಹೀಗೆ ತಿರಸ್ಕೃತರಾದ ದಾನಿಗಳನ್ನು ಕೆಲವು ವಾರ ಪಥ್ಯದಲ್ಲಿಟ್ಟು, ನಡೆಸಿ, ಮತ್ತೆ ಪರೀಕ್ಷಿಸಿ ಅವರ ಯಕೃತ್ತನ್ನು ಯಶಸ್ವಿಯಾಗಿ ಬಳಸಿದ ಉದಾಹರಣೆಗಳು ಜಪಾನು, ಕೊರಿಯ, ನಮ್ಮ ದೇಶ ಎಲ್ಲೆಡೆಯೂ ಇವೆ. ದಿನಕ್ಕೆ ಸುಮಾರು 1200 ಕ್ಯಾಲೊರಿಯ ಆಹಾರ, ಅದರಲ್ಲಿ ಬೇಳೆ ಮೊಟ್ಟೆ ಮಜ್ಜಿಗೆ ಸಾಕಷ್ಟು, ಸಕ್ಕರೆ ಕರಿದ ತಿಂಡಿ ಇಲ್ಲವೇ ಇಲ್ಲ, ದಿನವೂ ಒಂದು ಗಂಟೆ ಬಿರುಸಾದ ನಡಿಗೆ. ಉಪವಾಸ ಬೀಳುವುದನ್ನು ಮಾತ್ರ ಅವರು ಕಟ್ಟುನಿಟ್ಟಾಗಿ ನಿಷೇಧಿಸಿದರು; ಊಟವನ್ನು ಒಮ್ಮೆಲೇ ಬಿಟ್ಟರೆ ಯಕೃತ್ತಿಗೆ ಇನ್ನಷ್ಟು ಕೇಡು, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಭಯವೂ ಇದೆ. ಶ್ರಾವಣ ಸೋಮವಾರವನ್ನೂ ಅಣ್ಣ ಬಿಡಬೇಕಾಯಿತು. ಹತ್ತು ವಾರ ಬಿಟ್ಟು ಬನ್ನಿರೆಂದರು.

ಲಾರಿ ಬಿಟ್ಟು ಅಣ್ಣ ಮನೆಯಲ್ಲಿ ಉಳಿದನು. ಬೆಳಗಿನ ಐದಕ್ಕೆ ಎದ್ದು ರೈಲ್ವೆ ಗೇಟಿನವರೆಗೆ ಹೋಗಿ ಬರುವನು. ನಾನು ಗೋಡೆಗೆ ಹಾಳೆ ಅಂಟಿಸಿ ವಾರ ವಾರವೂ ಅವನ ತೂಕ ಬರೆದೆನು: 86, 85, 83 ಮತ್ತೆ ಅರ್ಧ. ಪಥ್ಯದ ಊಟ ನಮ್ಮ ಹಳೆಯ ಊಟವೇ ಆಗಿತ್ತು, ಅಳತೆ ಮಾತ್ರ ಬೇರೆ. ಎರಡು ಜೋಳದ ರೊಟ್ಟಿ, ತೊಗರಿ ಬೇಳೆಯ ಕಟ್ಟು, ಸೊಪ್ಪು. ನಿಜವಾದ ಕಷ್ಟ ಚಹಾದ್ದು. ಲಾರಿಯವರಿಗೆ ಅದು ಎರಡನೆಯ ಡೀಸೆಲ್. ಅವ್ವನಿಗಂತೂ ಮಗನ ಮುಂದೆ ಎರಡೇ ರೊಟ್ಟಿಯಿಟ್ಟು ಕೈ ತೊಳೆಯುವುದು ಪ್ರಾಣಸಂಕಟವಾಗಿತ್ತು. ಒಮ್ಮೆ ಮೂರನೆಯ ರೊಟ್ಟಿಯನ್ನು ಎರಡರ ನಡುವೆ ಮಡಚಿ ಇಟ್ಟದ್ದನ್ನು ನಾನು ಹಿಡಿದೆನು.

ಊರಿನವರಿಗೆ ಇದೆಲ್ಲ ಬೇರೆಯಾಗಿ ಕಂಡಿತು. "ಆನಿ ಹಂಗ ಅದಾನ, ಅವಂದೇನ ಕೆಟ್ಟಿತ್ತು? ಹೆದರಿ ದಾಕ್ತರ ಕಡೆ ಬರಿಸ್ಕೊಂಡ ಬಂದಾನ" ಎಂದು ಕಟ್ಟೆಯ ಮೇಲೆ ಮಾತು ನಡೆಯಿತು. ಮುಂಜಾನೆ ನಡೆಯುವವನನ್ನು ನೋಡಿ, ಅಪ್ಪ ಸಾಯಲಿಕ್ಕೆ ಬಿದ್ದಾಗ ಮಗ ಹವಾ ತಿನ್ನಲು ಹೋಗುವನೆಂದರು. ಬಂಧುಗಳಲ್ಲಿ ಒಬ್ಬರು ಅವ್ವನಿಗೆ ಹೇಳಿದ್ದು ಇನ್ನೂ ವಿಚಿತ್ರ: ಗಂಡುಮಗ ದುಡಿಯುವವನು, ಅವನ ಹೊಟ್ಟೆ ಕೊಯ್ಯಿಸುವುದೇಕೆ, ಮಗಳಿದ್ದಾಳಲ್ಲ. ಅದೇ ಬಾಯಿಂದ ಮರುದಿನ, ಮದುವೆಯಾಗಬೇಕಾದ ಹುಡುಗಿಯ ಹೊಟ್ಟೆಯ ಮೇಲೆ ಗುರುತು ಬಿದ್ದರೆ ಯಾರು ಮಾಡಿಕೊಳ್ಳುವರು ಎಂಬ ಮಾತು ಬಂತು. ನಮ್ಮ ದೇಶದಲ್ಲಿ ಯಕೃತ್ತನ್ನು ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಇದನ್ನು ನಾನು ಓದಿದ್ದು ಆಮೇಲೆ. ಆದರೆ ಓದಿದಾಗ ಆಶ್ಚರ್ಯವೇನೂ ಆಗಲಿಲ್ಲ.

ಖರ್ಚು ಇಪ್ಪತ್ತು ಲಕ್ಷದ ಆಸುಪಾಸು ಎಂದಿದ್ದರು. ಕಡುಬಡವರ ಅಂಗಕಸಿಗೆ ನಮ್ಮ ಸರಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನೆರವು ಕೊಡುತ್ತದೆ. ಅದರ ಕಾಗದಪತ್ರಗಳನ್ನು ನಾನು ಕೂಡಿಸುತ್ತಿದ್ದೆನು. ಎರಡೆಕರೆ ತೊಗರಿ ಹೊಲದ ಮಾತೂ ನಡೆದಿತ್ತು.

ಎಂಟನೆಯ ವಾರದ ಹಾಳೆಯಲ್ಲಿ 78 ಎಂದು ಬರೆದೆನು. ಒಂಬತ್ತನೆಯ ವಾರ ಅಪ್ಪನಿಗೆ ಹೊಟ್ಟೆಯ ನೀರಿನಲ್ಲಿ ಸೋಂಕು ಸೇರಿ ಜ್ವರ ಬಂತು. ಸಿರೋಸಿಸ್ ಆದವರಿಗೆ ಇದು ತೀರ ಕೆಟ್ಟ ಗಳಿಗೆ. ಮಾತು ತೊದಲಿತು, ಹಗಲು ರಾತ್ರಿಯ ಅರಿವು ತಪ್ಪಿತು. ಮೂರನೆಯ ದಿನ ಕಲಬುರಗಿಯ ದವಾಖಾನೆಯಲ್ಲಿ ತೀರಿಕೊಂಡರು. ಅಣ್ಣನ ಎರಡನೆಯ ಸಿ.ಟಿ.ಗೆ ಇನ್ನೂ ಒಂಬತ್ತು ದಿನ ಇತ್ತು.

ದಿನಗಳೆಲ್ಲ ಮುಗಿದ ಮೇಲೆ ಅಣ್ಣ ಆ ಸಿ.ಟಿ.ಯನ್ನು ಮಾಡಿಸಿದನು. ಯಾತಕ್ಕೆಂದು ನಾನು ಕೇಳಲಿಲ್ಲ. ಹೈದರಾಬಾದಿಗೆ ಒಬ್ಬನೇ ಹೋಗಿ ಬಂದು ಕಾಗದವನ್ನು ನನ್ನ ಕೈಗಿಟ್ಟು, "ಓದು" ಎಂದನು. ಯಕೃತ್ತಿನ ಅಂಕೆಯಿಂದ ಗುಲ್ಮದ ಅಂಕೆಯನ್ನು ಕಳೆದೆನು. ಸೊನ್ನೆಯ ಮೇಲೆ 7 ಉಳಿಯಿತು. ಕೊಡಬಹುದಾಗಿತ್ತು ಎಂದು ಹೇಳಿದೆನು. ಅವನು ಕಾಗದವನ್ನು ಮಡಚಿ ಅಪ್ಪನ ಕಾಗದಗಳ ಚೀಲದಲ್ಲಿಟ್ಟನು.

ಈಗ ಲಾರಿಗೆ ಮರಳಿ ಹೋಗಿದ್ದಾನೆ. ಊರಿನಲ್ಲಿದ್ದ ದಿನ ಐದಕ್ಕೆ ಎದ್ದು ರೈಲ್ವೆ ಗೇಟಿನವರೆಗೆ ಹೋಗಿ ಬರುವುದನ್ನು ಬಿಟ್ಟಿಲ್ಲ. ಅವ್ವ ಎರಡೇ ರೊಟ್ಟಿ ಹಾಕುವಳು. ನಾನೂ ಕಳೆದ ತಿಂಗಳು ಸೋನೋಗ್ರಾಫಿ ಮಾಡಿಸಿಕೊಂಡೆನು.